ಕ್ಲೂಡ್-ಅಪ್ ಅಂದರೆ ಯಾರು? ಕೋಲಾರದ ಮಂಡಿಯಲ್ಲಿ ನಿಂತು ಒಂದು ಇಂಗ್ಲಿಷ್ ಪದ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನೋಡಿದವರಿಗೆ ಒಂದು ಥರದ ಮನುಷ್ಯರ ಪರಿಚಯ ಇದ್ದೇ ಇರುತ್ತದೆ. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಫೋನು. ಗಾಡಿಯಿಂದ ಬಾಕ್ಸ್ ಇನ್ನೂ ಇಳಿಯುತ್ತಿರುತ್ತವೆ, ಅಷ್ಟರಲ್ಲೇ "ಇವತ್ತು ಮಾಲು ಜಾಸ್ತಿ, ರೇಟು ನಿಲ್ಲಲ್ಲ" ಅಂದುಬಿಡುತ್ತಾರೆ. ಬಹಳ ಸಲ ಹಾಗೇ ಆಗುತ್ತದೆ. ಇದೇನು ಶಾಸ್ತ್ರ ಹೇಳುವುದಲ್ಲ. ಮದನಪಲ್ಲಿ ಮಾರ್ಕೆಟ್ಟಿಗೆ ನಿನ್ನೆ ಎಷ್ಟು ಮಾಲು ಬಂತು, ನಾಸಿಕ್ ಕಡೆ ಕೊಯ್ಲು ಶುರುವಾಯಿತಾ, ದೂರದ ಊರಿನ ಲಾರಿ ಎಷ್ಟು ನಿಂತಿವೆ, ಯಾವ ಹೋಬಳಿಯಲ್ಲಿ ಎಲೆ ಮುಟುರು ರೋಗ ಬಿದ್ದಿದೆ, ಇಷ್ಟೂ ಅವರ ತಲೆಯಲ್ಲಿ ಓಡುತ್ತಿರುತ್ತದೆ. ಇಂಥವರನ್ನು ಇಂಗ್ಲಿಷಿನವರು, ಅದರಲ್ಲೂ ಬ್ರಿಟಿಷರು, ಆಡುಮಾತಿನಲ್ಲಿ ಕ್ಲೂಡ್-ಅಪ್ (clued-up) ಅನ್ನುತ್ತಾರೆ.

ಈ ಪದ ನಮ್ಮ ಶಾಲೆ ಪುಸ್ತಕದಲ್ಲಿ ಸಿಗುವುದು ಕಷ್ಟ. ನಾನು ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಬಹಳಷ್ಟು ಜನ ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿಗಳಲ್ಲಿ ಕೆಲಸಕ್ಕೆ ಪ್ರಯತ್ನ ಮಾಡುವ ಹುಡುಗ ಹುಡುಗಿಯರು. ಯೂಟ್ಯೂಬ್‌ನಲ್ಲೋ ಕ್ರಿಕೆಟ್ ಕಾಮೆಂಟರಿಯಲ್ಲೋ ಕೇಳಿದ ಪದ ಹಿಡಿದುಕೊಂಡು ಬರುತ್ತಾರೆ. "ಸಾರ್, ಕ್ಲೂ ಅಂದ್ರೆ ಸುಳಿವು ಅಲ್ವಾ? ಹಾಗಾದ್ರೆ ಕ್ಲೂಡ್-ಅಪ್ ಅಂದ್ರೆ ಸುಳಿವು ಸಿಕ್ಕಿರೋನು, ಅಂದ್ರೆ ಪೊಲೀಸಾ?" ಅಂತ ಒಬ್ಬ ಕೇಳಿದ. ಕ್ವಿಜ್‌ನಲ್ಲಿ "ಒಂದು ಕ್ಲೂ ಕೊಡಿ" ಅಂತ ಕೇಳಿ ಬೆಳೆದವರಿಗೆ ಹಾಗೆ ಅನಿಸುವುದು ಸಹಜ. ಅರ್ಧ ದಾರಿಗೆ ಸರಿಯಾಗೇ ಬಂದಿದ್ದಾನೆ.

ಕ್ಲೂಡ್-ಅಪ್ ಅಂದರೆ ಒಂದು ವಿಷಯದ ಬಗ್ಗೆ ಈಗಿನ ಸಂಗತಿಯನ್ನು ಚೆನ್ನಾಗಿ ತಿಳಿದುಕೊಂಡಿರುವವರು. ಈ ವಾಕ್ಯದಲ್ಲಿ "ಒಂದು ವಿಷಯದ ಬಗ್ಗೆ" ಅನ್ನುವ ಭಾಗಕ್ಕೆ ಕೆಳಗೆ ಗೆರೆ ಎಳೆದುಕೊಳ್ಳಿ. ಬುದ್ಧಿವಂತ, ಓದಿದವನು, ಚುರುಕಿನವನು ಅನ್ನುವುದೆಲ್ಲ ಮನುಷ್ಯನ ಗುಣ. ಅವನು ಎಲ್ಲಿ ಹೋದರೂ ಅದು ಅವನ ಜೊತೆ ಹೋಗುತ್ತದೆ. ಕ್ಲೂಡ್-ಅಪ್ ಹಾಗಲ್ಲ. ಯಾರಾದರೂ "ಹೀ ಈಸ್ ಕ್ಲೂಡ್ ಅಪ್" ಅಂದರೆ, ಕೇಳಿದವರ ಮನಸ್ಸಿನಲ್ಲಿ ತಕ್ಷಣ "ಯಾವುದರಲ್ಲಿ?" ಅನ್ನುವ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಉತ್ತರ ವಾಕ್ಯದಲ್ಲೇ ಇರಬೇಕು, ಇಲ್ಲವಾದರೆ ಸಂದರ್ಭದಲ್ಲಾದರೂ ಇರಬೇಕು.

ಮಂಡಿಯ ಮನುಷ್ಯನನ್ನೇ ತೆಗೆದುಕೊಳ್ಳಿ. ಟೊಮೆಟೊ ರೇಟಿನ ವಿಷಯದಲ್ಲಿ ಅವನು ಕ್ಲೂಡ್-ಅಪ್. ಹಣ್ಣನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿ, ಇದು ದೋರೆಗಾಯಿ, ದೂರದ ಲೋಡಿಗೆ ತಡೆಯುತ್ತದೆ, ಅದು ಪೂರ್ತಿ ಕೆಂಪಾಗಿದೆ, ಬೆಂಗಳೂರಿಗೆ ಇವತ್ತೇ ಹೋಗಲಿ ಅಂತ ವಿಂಗಡಿಸಿಬಿಡುತ್ತಾನೆ. ಅದೇ ಮನುಷ್ಯನಿಗೆ ಫೋನಿನಲ್ಲಿ "ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಈ ಲಿಂಕ್ ಒತ್ತಿ" ಅಂತ ಮೆಸೇಜ್ ಬಂದರೆ ಒತ್ತಿಬಿಡಬಹುದು. ಆನ್‌ಲೈನ್ ಮೋಸದ ವಿಷಯದಲ್ಲಿ ಅವನು ಕ್ಲೂಡ್-ಅಪ್ ಅಲ್ಲ. ಮನೆಯಲ್ಲಿ ಡಿಗ್ರಿ ಓದುವ ಮಗಳು ಅದರಲ್ಲಿ ಕ್ಲೂಡ್-ಅಪ್ ಇರುತ್ತಾಳೆ. ಆದರೆ ಹಣ್ಣು ಒತ್ತಿ ನೋಡಿದರೆ ಅವಳಿಗೆ ಏನೂ ಗೊತ್ತಾಗುವುದಿಲ್ಲ. ಇಬ್ಬರಲ್ಲಿ ಯಾರು ಜಾಣರು ಅನ್ನುವ ಮಾತೇ ಇಲ್ಲಿ ಬರುವುದಿಲ್ಲ. ಮಾರ್ಕ್ಸ್ ಕಾರ್ಡಿಗೂ ಈ ಪದಕ್ಕೂ ಸಂಬಂಧ ಇಲ್ಲ. ನನಗೆ ಈ ಪದ ಇಷ್ಟವಾಗುವುದೇ ಅದಕ್ಕೆ.

ಇನ್ನೊಂದು ಷರತ್ತು, ಮಾಹಿತಿ ತಾಜಾ ಇರಬೇಕು. ಚಿನ್ನದ ಗಣಿಯ ಇತಿಹಾಸ ಪೂರ್ತಿ ಬಲ್ಲವರು ಕೆಜಿಎಫ್‌ನಲ್ಲಿ ಈಗಲೂ ಇದ್ದಾರೆ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂದದ್ದು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ದು, ನಡುವಿನದ್ದೆಲ್ಲ ಹೇಳುತ್ತಾರೆ. ಅವರಿಗೆ ನಾಲೆಜಬಲ್ ಅನ್ನುವ ಪದ ಚೆನ್ನಾಗಿ ಒಪ್ಪುತ್ತದೆ. ಆಳವಾದ, ವರ್ಷಗಟ್ಟಲೆ ಕೂಡಿಟ್ಟ ತಿಳಿವಳಿಕೆ ಅದು. ಗಣಿ ಜಾಗದ ವಿಚಾರ ಈಗ ಎಲ್ಲಿಗೆ ಬಂದಿದೆ, ಯಾವ ಫೈಲು ಯಾರ ಟೇಬಲ್ ಮೇಲಿದೆ ಅಂತ ಈ ವಾರದ ಸುದ್ದಿ ಇಟ್ಟುಕೊಂಡಿರುವವನು ಕ್ಲೂಡ್-ಅಪ್. ಒಬ್ಬರೇ ಎರಡೂ ಆಗಿರಬಹುದು, ತೊಂದರೆ ಇಲ್ಲ.

ವಿಷಯ ಯಾವುದು ಅಂತ ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಆನ್ ಅಥವಾ ಅಬೌಟ್ ಬಳಸುತ್ತಾರೆ. "ಶೀ ಈಸ್ ಕ್ಲೂಡ್ ಅಪ್ ಆನ್ ಟೊಮೆಟೊ ಪ್ರೈಸಸ್." "ಹೀ ಈಸ್ ಪ್ರಿಟಿ ಕ್ಲೂಡ್ ಅಪ್ ಅಬೌಟ್ ಡ್ರಿಪ್ ಇರಿಗೇಷನ್." ನಮ್ಮವರು ಕನ್ನಡದ ಅಭ್ಯಾಸದಲ್ಲಿ "ಇನ್" ಹಾಕಲು ಹೋಗುತ್ತಾರೆ, ರೇಟಿನಲ್ಲಿ, ಬೋರ್‌ವೆಲ್‌ನಲ್ಲಿ ಅನ್ನುತ್ತೇವಲ್ಲ, ಅದಕ್ಕೆ. ಅದು ಬೇಡ. ಜಾಸ್ತಿ, ಕಡಿಮೆ ಹೇಳಬೇಕಾದರೆ ಮುಂದೆ ಮೋರ್, ಲೆಸ್ ಸೇರಿಸಿದರೆ ಸಾಕು. ತಿಳಿದುಕೊಳ್ಳುವ ಕೆಲಸ ಇನ್ನೂ ಬಾಕಿ ಇದ್ದರೆ "ಗೆಟ್ ಕ್ಲೂಡ್ ಅಪ್". "ಗೆಟ್ ಕ್ಲೂಡ್ ಅಪ್ ಬಿಫೋರ್ ಯು ಸೈನ್" ಅಂದರೆ ಸಹಿ ಹಾಕುವ ಮುಂಚೆ ಎಲ್ಲ ತಿಳಿದುಕೋ ಅಂತ. ಅಪ್ ಅನ್ನು ಮಾತ್ರ ಬಿಡುವ ಹಾಗಿಲ್ಲ. ಬೇಡದ ಕಡೆ ಅಪ್ ಸೇರಿಸುವುದು ನಮಗೆ ಅಭ್ಯಾಸ, "ಕೋಪ್ ಅಪ್ ವಿತ್" ಅನ್ನುತ್ತೇವೆ. ಇಲ್ಲಿ ಅಪ್ ಬೇಕೇ ಬೇಕು. "ಕ್ಲೂಡ್ ಪರ್ಸನ್" ಅಂದರೆ ಯಾರಿಗೂ ಅರ್ಥವಾಗುವುದಿಲ್ಲ.

ಈಗ ಆ ಹುಡುಗನ ಪೊಲೀಸ್ ಪ್ರಶ್ನೆಗೆ ಬರೋಣ. ಸುಳಿವಿಗೂ ತಿಳಿವಳಿಕೆಗೂ ನಂಟು ಎಲ್ಲಿಂದ ಬಂತು ಅಂತ ಹುಡುಕಿದರೆ ಸಿಗುವುದು ನೂಲಿನ ಉಂಡೆ. ಹಳೇ ಇಂಗ್ಲಿಷಿನಲ್ಲಿ ಕ್ಲಿವೆನ್ ಅಂದರೆ ಸುತ್ತಿಟ್ಟ ದಾರದ ಉಂಡೆ. ಅದು ಕ್ರಮೇಣ ಕ್ಲೂ ಆಯಿತು, ಸ್ಪೆಲ್ಲಿಂಗ್ ಎರಡು ಥರ ಇತ್ತು (clew, clue). ದಾರದ ಉಂಡೆಗೆ ಸುಳಿವು ಅನ್ನುವ ಅರ್ಥ ಅಂಟಿಸಿದ್ದು ಒಂದು ಗ್ರೀಕ್ ಕತೆ. ಕ್ರೀಟ್ ದ್ವೀಪದ ರಾಜ ಮಿನೋಸ್ ಒಂದು ದೊಡ್ಡ ಚಕ್ರವ್ಯೂಹದಂಥ ಕಟ್ಟಡ ಕಟ್ಟಿಸಿ, ಅದರೊಳಗೆ ಗೂಳಿ ತಲೆಯ ರಾಕ್ಷಸ ಮಿನೋಟಾರನನ್ನು ಇಟ್ಟಿದ್ದ. ಒಳಗೆ ಹೋದವರಿಗೆ ಹೊರಗೆ ಬರುವ ದಾರಿ ಸಿಗುತ್ತಿರಲಿಲ್ಲ. ಥೀಸಿಯಸ್ ಅನ್ನುವ ವೀರ ಹೋಗಲು ನಿಂತಾಗ ರಾಜನ ಮಗಳು ಅರಿಯಾಡ್ನೆ ಅವನ ಕೈಗೆ ದಾರದ ಉಂಡೆ ಕೊಟ್ಟಳು. ಬಾಗಿಲಲ್ಲಿ ಒಂದು ತುದಿ ಕಟ್ಟಿ, ಬಿಚ್ಚುತ್ತಾ ಹೋಗಿ, ರಾಕ್ಷಸನನ್ನು ಕೊಂದು, ಅದೇ ದಾರ ಹಿಡಿದು ಅವನು ಹೊರಗೆ ಬಂದ. ನಮ್ಮ ಅಭಿಮನ್ಯುವಿಗೆ ಹೊರಗೆ ಬರುವುದು ಹೇಗೆ ಅಂತ ಯಾರೂ ಹೇಳಿರಲಿಲ್ಲ, ಅವನ ಕತೆ ಏನಾಯಿತು ಅಂತ ಗೊತ್ತಲ್ಲ. 16ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಕ್ಲೂ ಅಂದರೆ ಗೋಜಲಿನಿಂದ ದಾರಿ ತೋರಿಸುವ ಯಾವುದೇ ವಸ್ತು ಅನ್ನುವ ಅರ್ಥ ಬಂದಿತ್ತು. ಪತ್ತೇದಾರಿ ಕತೆಯ ಕ್ಲೂ ಆಮೇಲಿನ ಮಾತು. ಕ್ಲೂಡ್-ಅಪ್ ಅಂತೂ ಇನ್ನೂ ಈಚಿನದು, 20ನೇ ಶತಮಾನದ್ದು.

ಇದನ್ನು ಓದುವಾಗ ನನಗೆ ನೆನಪಾಗುವುದು ಶಿಡ್ಲಘಟ್ಟ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗುವವರೆಗೂ ಅದು ನಮ್ಮ ಕೋಲಾರ ಜಿಲ್ಲೆಯದೇ ಊರು. ಅಲ್ಲಿನ ನೂಲು ಬಿಚ್ಚಾಣಿಕೆ ಮನೆಗಳಲ್ಲಿ ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕುತ್ತಾರೆ. ಗೂಡಿನ ಅಂಟು ಸಡಿಲವಾದ ಮೇಲೆ ಎಳೆಯ ತುದಿ ಹುಡುಕಬೇಕು. ಅದು ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಬಿಸಿನೀರಿಗೆ ಬೆರಳಿಟ್ಟು ಅಭ್ಯಾಸ ಇರುವ ಹೆಂಗಸರು ನಾಲ್ಕಾರು ಗೂಡುಗಳ ತುದಿಯನ್ನು ಒಟ್ಟಿಗೇ ಎತ್ತಿ ಒಂದು ನೂಲಾಗಿ ರಾಟೆಗೆ ಕೊಟ್ಟುಬಿಡುತ್ತಾರೆ. ಒಂದು ಸಲ ನಿಜವಾದ ತುದಿ ಸಿಕ್ಕಿತೋ, ಒಳ್ಳೆಯ ಬಿಳಿ ಗೂಡಿನಲ್ಲಿ ಸುಮಾರು 1000 ಮೀಟರ್ ಎಳೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ತಪ್ಪು ಕಡೆ ಎಳೆದರೆ ಬರೀ ಸಿಕ್ಕು. ಗೂಡು ಕೊಳ್ಳುವ ರೀಲರ್‌ಗಳೂ ಹಾಗೇ. ಒಂದು ಹಿಡಿ ಗೂಡು ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಹುಳು ಸರಿಯಾಗಿ ಕೋಶ (ಪ್ಯೂಪಾ) ಆಗಿದ್ದರೆ ಒಂದು ಥರ ಸದ್ದು, ಇಲ್ಲದಿದ್ದರೆ ಇನ್ನೊಂದು. ಈ ಜನರ ಮುಂದೆ ಕ್ಲೂಡ್-ಅಪ್ ಪದದ ಹಿಂದಿನ ಕತೆ ಹೇಳಿದರೆ ಅವರಿಗೆ ಅದು ಗ್ರೀಕ್ ಕತೆ ಅಂತ ಅನಿಸುವುದೇ ಇಲ್ಲ. ಎಳೆ ಎಳೆಯಾಗಿ ಬಿಡಿಸಿ ಹೇಳು, ಸಿಕ್ಕು ಬಿಡಿಸು, ಮಾತಿನ ಎಳೆ ತಪ್ಪಿತು ಅಂತ ನಾವು ದಿನಾ ಹೇಳುವುದು ಇದನ್ನೇ ತಾನೆ.

ಹಡಗಿನವರ ಮಾತಿನಲ್ಲೂ ಇದೇ ಉಚ್ಚಾರಣೆಯ ಒಂದು ಕ್ಲೂ ಅಪ್ (clew up) ಇದೆ. ಅದು ಹಾಯಿಯ ಕೆಳಮೂಲೆಯನ್ನು ಹಗ್ಗದಿಂದ ಮೇಲಕ್ಕೆ ಎಳೆಯುವ ಕೆಲಸ. ಹಳೇ ಸಮುದ್ರಯಾನದ ಪುಸ್ತಕ ಓದುವವರಿಗೆ ಮಾತ್ರ ಎದುರಾಗುತ್ತದೆ, ನಮ್ಮ ಪದಕ್ಕೂ ಅದಕ್ಕೂ ಅರ್ಥದಲ್ಲಿ ಸಂಬಂಧ ಇಲ್ಲ.

ಕ್ಲೂಡ್-ಅಪ್‌ಗೆ ಎದುರು ಪದ ಕ್ಲೂಲೆಸ್. ಇದು ನಮ್ಮಲ್ಲಿ ಜಾಸ್ತಿ ಓಡಾಡುತ್ತದೆ, ಕಾಲೇಜು ಹುಡುಗರು ಕನ್ನಡದ ನಡುವೆಯೇ ಬಳಸುತ್ತಾರೆ. ಆದರೆ ಎರಡರ ತೂಕ ಒಂದೇ ಅಲ್ಲ. ಕ್ಲೂಲೆಸ್‌ಗೆ "ಯಾವುದರಲ್ಲಿ?" ಅನ್ನುವ ಪ್ರಶ್ನೆ ಅಷ್ಟಾಗಿ ಬೇಕಿಲ್ಲ. ಒಬ್ಬನನ್ನು ಸುಮ್ನೆ ಕ್ಲೂಲೆಸ್ ಅಂದುಬಿಡಬಹುದು, ಏನೂ ಗೊತ್ತಿಲ್ಲದ ಪೆದ್ದ ಅನ್ನುವ ಹಾಗೆ. ಹೊಗಳುವಾಗ ವಿಷಯ ಕೇಳುವ ಭಾಷೆ, ಬೈಯುವಾಗ ಯಾವ ವಿಷಯವನ್ನೂ ಕೇಳುವುದಿಲ್ಲ! ಹೀಗಾಗಿ ಎದುರಿಗಿರುವವರ ಬಗ್ಗೆ ಕ್ಲೂಲೆಸ್ ಬಳಸುವಾಗ ನೋಡಿಕೊಂಡು ಬಳಸಿ. ನಿಮ್ಮ ಬಗ್ಗೆಯೇ ಹೇಳಿಕೊಳ್ಳುವುದಾದರೆ "ಐ ಹ್ಯಾವೆಂಟ್ ಎ ಕ್ಲೂ" ಇದೆ, ನಂಗೊಂಚೂರೂ ಗೊತ್ತಿಲ್ಲಪ್ಪ ಅನ್ನುವ ಹಾಗೆ.

ಕ್ಲೂಲೆಸ್ ಪದಕ್ಕೆ ಈ ಬೈಗುಳದ ಅರ್ಥ ಬಂದದ್ದು ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಸೈನಿಕರ ಬಾಯಿಂದ. ಅದೇ ಕಾಲದಲ್ಲಿ ಅವರ ವಾಯುಪಡೆಯಲ್ಲಿ ಇನ್ನೊಂದು ಪದ ಹುಟ್ಟಿತು, ಜೆನ್. ಜೆನ್ ಅಂದರೆ ಮಾಹಿತಿ. ಎಲ್ಲ ತಿಳಿದುಕೊಂಡವನು ಜೆನ್ಡ್-ಅಪ್. ತಪ್ಪು ಮಾಹಿತಿಗೆ ಡಫ್ ಜೆನ್ ಅನ್ನುತ್ತಿದ್ದರು. ನಂಬಬಹುದಾದ ಮಾಹಿತಿಗೆ ಏನನ್ನುತ್ತಿದ್ದರು ಗೊತ್ತಾ? ಪುಕ್ಕಾ ಜೆನ್. ಹೌದು, ನಮ್ಮ ಪಕ್ಕಾನೇ. ಹಿಂದಿಯಿಂದ ಇಂಗ್ಲಿಷಿಗೆ ಹೋದ ಪಕ್ಕಾ ಬ್ರಿಟಿಷ್ ವಿಮಾನ ನೆಲೆಗಳಲ್ಲಿ ಓಡಾಡಿಕೊಂಡಿತ್ತು. ಮಂಡಿಯಲ್ಲಿ "ಪಕ್ಕಾ ನ್ಯೂಸಾ?" ಅಂತ ಕೇಳುವುದಕ್ಕೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ. ಜೆನ್ಡ್-ಅಪ್ ಈಗ ಹಳೇ ತಲೆಮಾರಿನ ಬ್ರಿಟಿಷರ ಮಾತು. ಕ್ಲೂಡ್-ಅಪ್ ಇನ್ನೂ ಚಾಲ್ತಿಯಲ್ಲಿದೆ. ಅಮೆರಿಕದವರು ಇದನ್ನೇ ಕ್ಲೂಡ್-ಇನ್ ಅನ್ನುತ್ತಾರೆ. "ಕ್ಲೂ ಮೀ ಇನ್" ಅಂದರೆ ನನಗೂ ವಿಷಯ ಹೇಳಿ.

ನಮ್ಮಲ್ಲಿ ಜಾಸ್ತಿ ಗೊಂದಲ ಆಗುವುದು ಸ್ಯಾವಿ ಅನ್ನುವ ಪದದ ಜೊತೆ. ಟೆಕ್-ಸ್ಯಾವಿ ಅಂತ ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ. ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳಲ್ಲಿ ತಿಳಿ ಅನ್ನುವ ಅರ್ಥದ ಪದದಿಂದ ಬಂದದ್ದು ಅದು. ಅದರಲ್ಲಿ ತಿಳಿವಳಿಕೆಯ ಜೊತೆ ವ್ಯವಹಾರದ ಚಾಲಾಕಿಯೂ ಸೇರಿದೆ. ಕ್ಲೂಡ್-ಅಪ್‌ಗೆ ತಿಳಿದಿದ್ದರೆ ಸಾಕು, ಸ್ಯಾವಿ ಆಗಬೇಕಾದರೆ ತಿಳಿದದ್ದನ್ನು ಸರಿಯಾಗಿ ಬಳಸಲೂ ಬರಬೇಕು.

2023ರ ಮಳೆಗಾಲ ನೆನಪು ಮಾಡಿಕೊಳ್ಳಿ, ವ್ಯತ್ಯಾಸ ಸಲೀಸಾಗಿ ಗೊತ್ತಾಗುತ್ತದೆ. ಆ ಜುಲೈನಲ್ಲಿ ಕೋಲಾರದ ಮಾರ್ಕೆಟ್‌ನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಕೂತವರಿದ್ದರು. ರೇಟು ಎಲ್ಲರಿಗೂ ಗೊತ್ತಿತ್ತು, ಟಿವಿಯಲ್ಲಿ ಬರುತ್ತಿತ್ತು, ಮಂಡಿ ರೇಟು ನೋಡಲು ಸರ್ಕಾರದ ಕೃಷಿ ಮಾರಾಟ ವಾಹಿನಿಯೂ ಇದೆ. ಅಂದರೆ ಊರಿಗೆ ಊರೇ ಕ್ಲೂಡ್-ಅಪ್. ಆ ರೇಟು ನೋಡಿ ಎಷ್ಟೋ ಜನ ಆಗ ಸಸಿ ನೆಟ್ಟರು. ಟೊಮೆಟೊ ನಾಟಿ ಮಾಡಿ ಮೊದಲ ಕೊಯ್ಲು ಬರಲು ಎರಡು ತಿಂಗಳಿಗೂ ಮೇಲೆ ಬೇಕು. ಸೆಪ್ಟೆಂಬರ್ ಹೊತ್ತಿಗೆ ಎಲ್ಲ ಕಡೆಯಿಂದ ಮಾಲು ಬಂತು, ರೇಟು ನೆಲ ಕಚ್ಚಿತು. ಇವತ್ತಿನ ರೇಟು ಗೊತ್ತಿರುವುದು ಒಂದು. ಇದೇ ರೇಟು ನೋಡಿ ಬೇರೆಯವರು ಏನು ಮಾಡುತ್ತಾರೆ, ನನ್ನ ಬೆಳೆ ಬರುವ ಹೊತ್ತಿಗೆ ಏನಾಗುತ್ತದೆ ಅಂತ ಲೆಕ್ಕ ಹಾಕುವುದು ಇನ್ನೊಂದು. ಎರಡನೆಯದನ್ನು ಮಾಡಿದವರು ಸ್ಯಾವಿ. ಅವರು ಊರಿಗೆ ಒಬ್ಬಿಬ್ಬರು ಸಿಕ್ಕರೆ ಹೆಚ್ಚು.

ಇನ್ನೊಂದು ಪದ ಇನ್-ದ-ನೋ. ಇದು ಒಳಗಿನ ಸುದ್ದಿ ಗೊತ್ತಿರುವವರಿಗೆ. ಹೆದ್ದಾರಿ ಪಕ್ಕ ಎಲ್ಲಿ ಹೊಸ ಕೈಗಾರಿಕಾ ಪ್ರದೇಶ ಬರುತ್ತದೆ ಅಂತ ಯಾರಿಗೂ ಗೊತ್ತಾಗುವ ಮುಂಚೆ ಗೊತ್ತಾಗಿ, ಅಲ್ಲಿ ಸದ್ದಿಲ್ಲದೆ ಜಮೀನು ಕೊಳ್ಳುವವರನ್ನು ನೀವೂ ನೋಡಿರುತ್ತೀರಿ. ಅವರು ಇನ್-ದ-ನೋ. ಕ್ಲೂಡ್-ಅಪ್ ಆಗಲು ಗುಟ್ಟು ಬೇಕಿಲ್ಲ, ಎಲ್ಲರಿಗೂ ಸಿಗುವ ಸುದ್ದಿಯನ್ನೇ ಗಮನ ಇಟ್ಟು ನೋಡಿದರೆ ಆಯಿತು. ಹಾಗಾಗಿ ಯಾರನ್ನಾದರೂ ಇನ್-ದ-ನೋ ಅಂದಾಗ ಸ್ವಲ್ಪ ಅನುಮಾನದ ವಾಸನೆ ಬರುವುದುಂಟು.

ವೋಕ್ ಅನ್ನುವ ಪದದ ಗತಿ ಬೇರೆ. ಅಮೆರಿಕದ ಕಪ್ಪು ಜನರ ಮಾತಿನಲ್ಲಿ ಅದು ಅನ್ಯಾಯದ ಬಗ್ಗೆ ಎಚ್ಚರವಾಗಿರುವವರಿಗೆ ಇದ್ದ ಪದ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಈ ಅರ್ಥವನ್ನು 2017ರಲ್ಲಿ ಸೇರಿಸಿಕೊಂಡಿತು. ಅಷ್ಟರಲ್ಲಿ ರಾಜಕೀಯದವರ ಬಾಯಿಗೆ ಬಿದ್ದು, ಈಗ ಅದನ್ನು ಹೊಗಳಿಕೆಗಿಂತ ಮೂದಲಿಕೆಗೇ ಜಾಸ್ತಿ ಬಳಸುತ್ತಾರೆ. ಕ್ಲೂಡ್-ಅಪ್‌ಗೆ ಆ ಪಾಡು ಬಂದಿಲ್ಲ. ಟೊಮೆಟೊ ರೇಟು, ಬ್ಯಾಂಕ್ ಬಡ್ಡಿ, ಪಿಚ್ ರಿಪೋರ್ಟು ಇಂಥದ್ದಕ್ಕೇ ಅಂಟಿಕೊಂಡಿರುವುದರಿಂದ ಇರಬೇಕು ಅಂತ ನನ್ನ ಅಂದಾಜು.

ಇಷ್ಟು ಗೊತ್ತಾದ ಮೇಲೆ ಹುಡುಗರು ಮಾಡುವ ಮೊದಲ ಕೆಲಸ ಇದನ್ನು ಇಂಟರ್ವ್ಯೂನಲ್ಲಿ ಬಳಸುವುದು. "ಐ ಆಮ್ ಎ ಕ್ಲೂಡ್-ಅಪ್ ಕ್ಯಾಂಡಿಡೇಟ್" ಅಂತ ಒಬ್ಬ ಅಭ್ಯಾಸದ ಇಂಟರ್ವ್ಯೂನಲ್ಲಿ ಹೇಳಿಯೂ ಬಿಟ್ಟ. ಇಲ್ಲಿ ಎರಡು ಎಡವಟ್ಟು ಇವೆ. ವಿಷಯ ಯಾವುದು ಅಂತ ಇಲ್ಲ, ಅದು ಸರಿಮಾಡಬಹುದು. ದೊಡ್ಡದು ಏನೆಂದರೆ ಇದು ಗೆಳೆಯರ ನಡುವಿನ ಮಾತು. ಎಚ್‌ಆರ್ ಮುಂದೆ ಕೂತು "ನಂಗೆಲ್ಲ ಗೊತ್ತು ಗುರೂ" ಅಂದ ಹಾಗೆ ಕೇಳಿಸುತ್ತದೆ. ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಜಂಬದ ಹಾಗೂ ಕಾಣುತ್ತದೆ. ಇನ್ನೊಬ್ಬರ ಬಗ್ಗೆ ಹೇಳುವಾಗ ಇದು ಒಳ್ಳೆಯ ಹೊಗಳಿಕೆ. ಅಸೆಂಬ್ಲಿ ಲೈನಿನ ಕೆಲಸಕ್ಕೆ ಹೋಗುವವರು "ಐ ಹ್ಯಾವ್ ಎ ಗುಡ್ ವರ್ಕಿಂಗ್ ನಾಲೆಜ್ ಆಫ್ ಕ್ವಾಲಿಟಿ ಚೆಕ್ಸ್" ಅನ್ನಲಿ. "ಐ ಕೀಪ್ ಮೈಸೆಲ್ಫ್ ಅಪ್ ಟು ಡೇಟ್" ಕೂಡ ನಡೆಯುತ್ತದೆ. ಬ್ಯಾಂಕಿಗೆ, ಇಲಾಖೆಗೆ ಬರೆಯುವ ಪತ್ರದಲ್ಲಿ, ಪರೀಕ್ಷೆಯ ಪ್ರಬಂಧದಲ್ಲಿ ವೆಲ್-ಇನ್ಫಾರ್ಮ್ಡ್ ಇರಲಿ. ಕೆಲಸ ಸಿಕ್ಕಿ, ಕ್ಯಾಂಟೀನಿನಲ್ಲಿ ಜೊತೆಯವನ ಹತ್ತಿರ "ಆಸ್ಕ್ ಹರ್, ಶೀ ಈಸ್ ಕ್ಲೂಡ್ ಅಪ್ ಆನ್ ಪಿಎಫ್ ರೂಲ್ಸ್" ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅಲ್ಲಿಗೆ ಅದೇ ಸರಿಯಾದ ಪದ.

ಕನ್ನಡದಲ್ಲಿ ಇದಕ್ಕೆ ಒಂದೇ ಪದ ಕೊಡಿ ಅಂತ ಕೇಳುತ್ತಾರೆ. ನಾನು ಕೊಡುವುದಿಲ್ಲ. ನಮ್ಮಲ್ಲಿ ಇದನ್ನು ವಾಕ್ಯದಲ್ಲಿ ಹೇಳುವುದೇ ವಾಡಿಕೆ. "ರೇಷ್ಮೆ ವಿಷಯ ಅವರನ್ನ ಕೇಳಿ", "ಬೋರ್‌ವೆಲ್ ಬಗ್ಗೆ ಅವನಿಗೆ ಪೂರ್ತಿ ಗೊತ್ತು", "ರೇಟಿನ ಒಳಮರ್ಮ ಬಲ್ಲವನು". ಗಮನಿಸಿ, ಈ ಪ್ರತಿ ವಾಕ್ಯದಲ್ಲೂ ವಿಷಯ ಮೊದಲೇ ಬಂದು ಕೂತಿದೆ. ಎಲ್ಲದರಲ್ಲೂ ಮೂಗು ತೂರಿಸಿ ಎಲ್ಲ ಬಲ್ಲೆ ಅನ್ನುವವನಿಗೆ ನಾವು ಸರ್ವಜ್ಞ ಅಂತ ವ್ಯಂಗ್ಯ ಮಾಡುತ್ತೇವೆ. ಇಂಗ್ಲಿಷಿನವರು ಅವನನ್ನು ನೋ-ಇಟ್-ಆಲ್ ಅನ್ನುತ್ತಾರೆ.

ಕೊನೆಗೆ ಬರೆಯುವ, ಓದುವ ಎರಡು ಸಣ್ಣ ಸಂಗತಿ. ನಾಮಪದದ ಮುಂದೆ ಬಂದರೆ ನಡುವೆ ಅಡ್ಡಗೆರೆ ಹಾಕುತ್ತಾರೆ, ಕ್ಲೂಡ್-ಅಪ್ ಫಾರ್ಮರ್ ಅನ್ನುವ ಹಾಗೆ. ಈಸ್, ಆರ್ ಆದಮೇಲೆ ಬಂದರೆ ಸಾಮಾನ್ಯವಾಗಿ ಗೆರೆ ಇಲ್ಲದೆ ಬಿಡುತ್ತಾರೆ. ಓದುವಾಗ ಎರಡೂ ಸೇರಿ ಕ್ಲೂಡಪ್ ಅಂತ ಒಂದೇ ಉಸಿರಿನಲ್ಲಿ ಬರುತ್ತದೆ. ಸ್ಪೆಲ್ಲಿಂಗ್ ನೋಡಿ ಕ್ಲೌಡ್ ಅಪ್ ಅಂತ ಓದುವವರಿದ್ದಾರೆ. ಆ ಮಾತೂ ಇಂಗ್ಲಿಷಿನಲ್ಲಿ ಇದೆ, ಆದರೆ ಅದರ ಅರ್ಥ ಮೋಡ ಕವಿಯುವುದು. ಟೊಮೆಟೊ ಬೆಳೆದವರಿಗೆ ಅದು ಬೇರೆಯದೇ ಸಮಾಚಾರ.